ಕೋಡಿ ರಾಮಮೂರ್ತಿ ನಾಯುಡು: ಟಿಕೀಟಿನ ಮೇಲೆ ಬದುಕಿದ ಮಲ್ಲ

ನಮ್ಮ ಕಡೆ ಜಾತ್ರೆಯೊಳಗೆ ಕುಸ್ತಿ ಗೆದ್ದವನ ಹೆಸರು ಹತ್ತು ವರ್ಷ ಕಳೆದರೂ ಮಂದಿ ಬಾಯಲ್ಲಿ ಇರುತ್ತದೆ. ಯಾರನ್ನ ಎತ್ತಿ ಒಗೆದ, ಯಾವ ಪಟ್ಟು ಹಾಕಿದ, ಬೆಳ್ಳಿ ಕಡಗ ಯಾರು ತೊಡಿಸಿದರು, ಎಲ್ಲಾ ನೆನಪಿರುತ್ತದೆ. ಆದರೆ ಆ ಪೈಲ್ವಾನ ಕುಡಿದ ಹಾಲಿಗೆ, ತಿಂದ ಬಾದಾಮಿಗೆ ದುಡ್ಡು ಯಾರು ಕೊಟ್ಟರು, ಐವತ್ತು ದಾಟಿದ ಮೇಲೆ ಅವನು ಏನು ಮಾಡಿಕೊಂಡಿದ್ದ ಅಂತ ಕೇಳಿನೋಡಿ, ಹೇಳೋರು ಸಿಗಲ್ಲ. ಕುಸ್ತಿಯ ಚರಿತ್ರೆ ಬರೆದವರೂ ಬಹಳ ಮಟ್ಟಿಗೆ ಗೆದ್ದ ಲೆಕ್ಕವನ್ನೇ ಬರೆದಿದ್ದಾರೆ, ಉಂಡ ಲೆಕ್ಕ ಬಿಟ್ಟಿದ್ದಾರೆ. ಈ ಬರಹದಲ್ಲಿ ಉಂಡ ಲೆಕ್ಕವನ್ನು ಸ್ವಲ್ಪ ಹಿಡಿದು ನೋಡೋಣ. ಅದಕ್ಕೆ ಆರಿಸಿಕೊಂಡ ಮನುಷ್ಯ ಕೋಡಿ ರಾಮಮೂರ್ತಿ ನಾಯುಡು. ತೆಲುಗರು ಇವರನ್ನು ಕಲಿಯುಗ ಭೀಮ ಅಂತಾರೆ. ಉತ್ತರ ಹಿಂದೂಸ್ಥಾನದಲ್ಲಿ ಪ್ರೊಫೆಸರ್ ರಾಮಮೂರ್ತಿ ಅಂದರೇನೇ ಗುರುತು.

ಅವರ ಊರು ವೀರಘಟ್ಟಂ. ಇವತ್ತಿನ ಲೆಕ್ಕದಲ್ಲಿ ಪಾರ್ವತೀಪುರಂ ಮನ್ಯಂ ಜಿಲ್ಲೆ, ಮೊನ್ನೆ ಮೊನ್ನೆವರೆಗೂ ಶ್ರೀಕಾಕುಳಂ ಜಿಲ್ಲೆ. ನಮ್ಮ ದೇವನಕೊಂಡ ಆಂಧ್ರದ ಈ ತುದಿ, ವೀರಘಟ್ಟಂ ಆ ತುದಿ. ಅವರು ಹುಟ್ಟಿದ 1882ರ ಸುಮಾರಿಗೆ ಎರಡೂ ಊರು ಮದ್ರಾಸ್ ಪ್ರೆಸಿಡೆನ್ಸಿಯೊಳಗೇ ಇದ್ದವು ಅನ್ನೋದೊಂದೇ ಸಂಬಂಧ. ಹಂಗಂತ ನಮಗೆ ದೂರದವರು ಅಂತ ಬಿಡೋ ಹಂಗಿಲ್ಲ. ಬರೀ ಮೈಯನ್ನೇ ಬಂಡವಾಳ ಮಾಡಿಕೊಂಡು ಊರೂರು ತಿರುಗಿದವರ ಕಷ್ಟಸುಖ, ಸುಗ್ಗಿ ಮುಗೀತಿದ್ದಂಗೆ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಗಂಟುಮೂಟೆ ಕಟ್ಟೋ ನಮ್ಮ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಹಳೇ ಪದ್ಧತಿ ಏನಿತ್ತು ನೋಡಬೇಕು. ಮಲ್ಲ ಅಂದರೆ ಅರಮನೆಯ ಆಳು. ಮೈಸೂರಿನ ಜೆಟ್ಟಿಗಳನ್ನು ತಗೊಳ್ಳಿ. ದಸರಾದಲ್ಲಿ ವಜ್ರಮುಷ್ಟಿ ಕಾಳಗ ಆಡುವವರು ಅವರೇ. ತಲೆ ಬೋಳಿಸಿಕೊಂಡು, ಕೈಗೆ ಮುಳ್ಳಿನಂಥ ಆಯುಧ ಕಟ್ಟಿಕೊಂಡು ಕಣಕ್ಕೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಬಂತು ಅಂದ ಕೂಡಲೇ ಕಾಳಗ ನಿಲ್ಲುತ್ತದೆ. ಅವರಿಗೆ ಗರಡಿ, ಇನಾಮು, ಗೌರವ ಎಲ್ಲಾ ಅರಮನೆಯಿಂದ. ನೋಡೋ ಜನ ಕಾಸು ಕೊಡೋದಿಲ್ಲ, ರಾಜ ಕೊಡ್ತಾನೆ. ಸಣ್ಣ ಊರುಗಳಲ್ಲಿ ರಾಜನ ಜಾಗದಲ್ಲಿ ಪಾಳೆಯಗಾರ, ಜಮೀನ್ದಾರ, ಊರ ಗೌಡ.

ಈ ಪದ್ಧತಿಯ ದೊಡ್ಡ ಫಲ ಗಾಮಾ ಪೈಲ್ವಾನ್. ಹುಟ್ಟಿದ್ದು 1878ರಲ್ಲಿ, ಅಮೃತಸರದಲ್ಲಿ; ಬೆಳೆದದ್ದು ದತಿಯಾ ಸಂಸ್ಥಾನದ ಆಶ್ರಯದಲ್ಲಿ. ಹತ್ತು ವರ್ಷದ ಹುಡುಗ ಜೋಧಪುರದ ಬಸ್ಕಿ ಪಂದ್ಯದಲ್ಲಿ ದೊಡ್ಡ ದೊಡ್ಡ ಪೈಲ್ವಾನರ ನಡುವೆ ಕೊನೇತನಕ ನಿಂತ ಮೇಲೆ ಅವನ ಹೊಟ್ಟೆಯ ಚಿಂತೆಯನ್ನು ಅರಸರು ತಗೊಂಡರು. 1910ರಲ್ಲಿ ಗಾಮಾ ಲಂಡನ್ನಿಗೆ ಹೋದದ್ದು ಶರತ್‌ಕುಮಾರ್ ಮಿತ್ರ ಎಂಬ ಬಂಗಾಳಿ ಸಾಹುಕಾರರ ದುಡ್ಡಿನಲ್ಲಿ. ಅಲ್ಲಿ ಕುಸ್ತಿ ಗೊತ್ತುಮಾಡುವ ವ್ಯವಹಾರ ಆರ್.ಬಿ. ಬೆಂಜಮಿನ್ ಎಂಬ ಬಿಳಿಯ ದೊರೆಯ ಕೈಯಲ್ಲಿ. ಅಂದರೆ ಒಬ್ಬ ಉಣಿಸಿದ, ಒಬ್ಬ ಹಡಗು ಹತ್ತಿಸಿದ, ಮತ್ತೊಬ್ಬ ಟಿಕೀಟು ಮಾರಿದ. ನೆಲಕ್ಕೆ ಬಿದ್ದು ಬೆವರು ಹರಿಸಿದವನು ಮಾತ್ರ ಗಾಮಾ.

ಆ ಲಂಡನ್ ಕುಸ್ತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಮುಂದಿನ ಮಾತಿಗೆ ಅದು ಬೇಕು. 1910ರ ಸೆಪ್ಟೆಂಬರ್ 10ರಂದು ಶೆಫರ್ಡ್ಸ್ ಬುಷ್ ಎಂಬ ಕಡೆ ಗಾಮಾಗೂ ಪೋಲೆಂಡಿನ ಝಬಿಸ್ಕೊಗೂ ಜೋಡಿ. ಶುರುವಾದ ಸ್ವಲ್ಪ ಹೊತ್ತಿಗೆ ಝಬಿಸ್ಕೊ ಕೆಳಗೆ ಬಿದ್ದ. ಬಿದ್ದವನು ಹೊಟ್ಟೆ ನೆಲಕ್ಕಂಟಿಸಿ ಆಮೆಯ ಹಾಗೆ ಮಲಗಿಬಿಟ್ಟ. ಗಾಮಾ ಮೇಲಿಂದ ಎಳೆದ, ಎತ್ತಿದ, ತಿರುಗಿಸಿದ; ಅವನು ಬೆನ್ನು ತೋರಿಸಲಿಲ್ಲ. ಹೀಗೆ ಎರಡೂವರೆ ಗಂಟೆ! ಜನ ಬೇಸತ್ತರು. ಕುಸ್ತಿ ಸಮ ಅಂತ ನಿಲ್ಲಿಸಿ ಮುಂದಿನ ವಾರಕ್ಕೆ ಇಟ್ಟರೆ ಝಬಿಸ್ಕೊ ಬರಲೇ ಇಲ್ಲ, ಬೆಲ್ಟು ಗಾಮಾಗೆ ಬಂತು. ಇದೇ ಇಬ್ಬರು 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದರು. ಅವತ್ತು ಒಂದು ನಿಮಿಷದೊಳಗೇ ಝಬಿಸ್ಕೊ ಚಿತ್ತಾದ. ದೂರದೂರಿನಿಂದ ಬಂದ ಸಾವಿರಾರು ಜನ ಕೂತು ಮೈಮುರಿಯುವಷ್ಟರಲ್ಲಿ ಆಟ ಮುಗಿದಿತ್ತು.

ನಿಜವಾದ ಕುಸ್ತಿಯ ತೊಂದರೆ ಇದು. ಎರಡೂವರೆ ಗಂಟೆ ಆಗಬಹುದು, ಅರ್ಧ ನಿಮಿಷವೂ ಆಗಬಹುದು. ರಾಜ ಕೊಡುವಾಗ ಇದು ಯಾರಿಗೂ ಲೆಕ್ಕಕ್ಕಿಲ್ಲ. ಎರಡಾಣೆ ಕೊಟ್ಟು ಒಳಗೆ ಬಂದವನು ಮಾತ್ರ ಎರಡಾಣೆಯ ಆಟ ಕೇಳ್ತಾನೆ. ಟಿಕೀಟಿಟ್ಟು ಬದುಕಬೇಕು ಅಂದ ಪ್ರತಿಯೊಬ್ಬ ಮಲ್ಲನೂ ಈ ಗಂಟು ಬಿಡಿಸಿಕೊಳ್ಳಲೇಬೇಕಿತ್ತು. ರಾಮಮೂರ್ತಿ ಬಿಡಿಸಿಕೊಂಡ ರೀತಿ ಅವರದೇ.

ಅವರಿಗೆ ಅರಮನೆಯ ದಾರಿ ಇರಲಿಲ್ಲ ಅಂತಲ್ಲ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ವಿಜಯನಗರಂನಲ್ಲಿ ಪೊಲೀಸ್ ಕೆಲಸದಲ್ಲಿದ್ದ ಚಿಕ್ಕಪ್ಪ ನಾರಾಯಣಸ್ವಾಮಿ ಹುಡುಗನನ್ನು ತಮ್ಮ ಹತ್ತಿರ ಕರೆಸಿಕೊಂಡರು. ಓದಿಗಿಂತ ಗರಡಿ ಕಡೆಗೇ ಹುಡುಗನ ಮನಸ್ಸು. ಸಾಮು, ಮಲ್ಲಯುದ್ಧ ಕಲಿತಾಯಿತು. ಆಮೇಲೆ ಮದ್ರಾಸಿನ ಸೈದಾಪೇಟೆಯಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು, ವಿಜಯನಗರಂ ಶಾಲೆಗೆ ವ್ಯಾಯಾಮದ ಮೇಷ್ಟ್ರಾಗಿ ಬಂದರು. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರುಗಳು ಇದನ್ನು ಗಮನಿಸಬೇಕು: ಭೀಮ ಮೊದಲು ಸೀಟಿ ಊದಿದವನು! ವಿಜಯನಗರಂ ಅಂದರೆ ದೊಡ್ಡ ಸಂಸ್ಥಾನ. ಸುಮ್ಮನೆ ಅಲ್ಲೇ ಇದ್ದಿದ್ದರೆ ಸಂಬಳ ಬರ್ತಿತ್ತು, ಹಬ್ಬಕ್ಕೊಂದು ಶಾಲು ಬರ್ತಿತ್ತು. ಅವರು ಕೆಲಸ ಬಿಟ್ಟು, ಪೊಟ್ಟಿ ಪಂತುಲು ಎಂಬ ಗೆಳೆಯರ ನೆರವು ತಗೊಂಡು ಸ್ವಂತ ಸರ್ಕಸ್ ಕಂಪನಿ ಕಟ್ಟಿದರು.

ಸರ್ಕಸ್ ಅವತ್ತಿಗೆ ನಮ್ಮ ದೇಶದಲ್ಲಿ ಹೊಸದು. 1880ರಲ್ಲಿ ವಿಷ್ಣುಪಂತ ಛತ್ರೆ ಎಂಬ ಮರಾಠಿ ಅಶ್ವಶಿಕ್ಷಕರು ದೇಶದವರದೇ ಆದ ಮೊದಲ ಸರ್ಕಸ್ಸನ್ನು ಕಟ್ಟಿದರು. ಮುಂಬಯಿಗೆ ಬಂದಿದ್ದ ಇಟಲಿಯ ಕಿಯಾರಿನಿಯ ಸರ್ಕಸ್ ನೋಡಿ, ಇದನ್ನ ನಮ್ಮವರೂ ಮಾಡಬಲ್ಲರು ಅಂತ ಹಟ ತೊಟ್ಟವರು ಅವರು. ಬಂಗಾಳದಲ್ಲಿ ಪ್ರಿಯನಾಥ ಬೋಸ್, ಮಲಬಾರಿನ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಹೀಗೆ ಒಬ್ಬೊಬ್ಬರಾಗಿ ಬಂದರು. ಬೋಸರಿಗೂ 'ಪ್ರೊಫೆಸರ್' ಅಂತಲೇ ಹೆಸರು. ಅವತ್ತಿನ ಸರ್ಕಸ್ ಯಜಮಾನರಿಗೆ, ಜಾದೂಗಾರರಿಗೆ ಆ ಬಿರುದು ಹಾಕಿಕೊಳ್ಳುವ ರೂಢಿ ಇತ್ತು. ಕಾಲೇಜಿಗೂ ಅದಕ್ಕೂ ಸಂಬಂಧ ಇಲ್ಲ. ಇದಕ್ಕೆಲ್ಲಾ ಆಧಾರ ರೈಲು. 1871ರಲ್ಲಿ ರಾಯಚೂರಿನ ಹತ್ತಿರ ಮದ್ರಾಸಿನ ಹಳಿಗೆ ಮುಂಬಯಿಯ ಹಳಿ ಕೂಡಿಕೊಂಡಿತು. ನಮ್ಮ ಆದೋನಿ ಸ್ಟೇಷನ್ ಇರೋದು ಅದೇ ಹಾದಿಯ ಮೇಲೆ. ಆನೆ, ಕುದುರೆ, ಡೇರೆ, ಕಂಬ, ಹಗ್ಗ ಎಲ್ಲಾ ಗೂಡ್ಸ್ ಡಬ್ಬಿಗೆ ತುಂಬಿಕೊಂಡು ಒಂದು ಊರಿಂದ ಇನ್ನೊಂದು ಊರಿಗೆ ಹೋಗೋದು ರೈಲು ಬಂದ ಮೇಲೇ ಸಾಧ್ಯವಾಯ್ತು. ಅರಸನೊಬ್ಬನ ಬದಲು ಸಾವಿರಾರು ಬಡವರು ಸೇರಿ ಒಬ್ಬ ಮಲ್ಲನನ್ನು ಸಾಕುವ ದಾರಿ ತೆರೆಯಿತು.

ಇನ್ನು ಅವರ ಆಟಗಳು. ಸರಪಳಿಯನ್ನು ಎದೆ ಭುಜಕ್ಕೆ ಬಿಗಿದುಕೊಂಡು ಉಸಿರೆಳೆದು ಹರಿಯುವುದು. ಎರಡು ಮೋಟಾರು ಕಾರುಗಳಿಗೆ ಕಟ್ಟಿದ ಸರಪಳಿಯನ್ನು ಎರಡೂ ಕಡೆ ಹಿಡಿದು ಅವು ಮುಂದೆ ಹೋಗದಂತೆ ನಿಲ್ಲಿಸುವುದು. ಎದೆಯ ಮೇಲೆ ಹಲಗೆ ಇಟ್ಟು ಆನೆ ಹತ್ತಿಸಿಕೊಳ್ಳುವುದು. ಮನುಷ್ಯ ಶುದ್ಧ ಸಸ್ಯಾಹಾರಿ, ಪ್ರಾಣಾಯಾಮದ ಸಾಧಕ. ತನ್ನ ಬಲವೆಲ್ಲಾ ಉಸಿರಿನದು ಅನ್ನೋದು ಅವರ ಮಾತಿನ ಸಾರ.

ಈ ಆಟಗಳ ಹಿಂದಿನ ಲೆಕ್ಕ ನಮ್ಮ ಹೈಸ್ಕೂಲ್ ಮಕ್ಕಳಿಗೆ ಹೇಳಿಕೊಡುವಂಥದು. ಕಾರಿನ ಆಟ ತಗೊಳ್ಳಿ. ಎರಡು ಕಾರು ಎದುರುಬದುರು ದಿಕ್ಕಿಗೆ ಎಳೆದರೆ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ. ನಡುವೆ ನಿಂತವನು ನೆಲಕ್ಕೆ ಕಾಲು ಊರಿ ಎರಡನ್ನೂ ಗೆಲ್ಲಬೇಕಿಲ್ಲ, ಹಗ್ಗದ ಹಾಗೆ ಹರಿಯದೆ ಇದ್ದರೆ ಸಾಕು. ಆಗಿನ ಕಾರುಗಳ ಶಕ್ತಿಯೂ ಅಷ್ಟಕ್ಕಷ್ಟೆ. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಹೆಸರಾಂತ ಮಾಡೆಲ್ ಟಿ ಕಾರಿನದೇ ಇಪ್ಪತ್ತು ಕುದುರೆ ಶಕ್ತಿ, ಇವತ್ತಿನ ಸಣ್ಣ ಟ್ರಾಕ್ಟರಿನಷ್ಟು. ಮಣ್ಣಿನ ಮೈದಾನದಲ್ಲಿ ಚಕ್ರ ಜಾರುತ್ತವೆ ಬೇರೆ. ಆನೆಯ ಆಟದಲ್ಲಿ ಹಲಗೆ ಮುಖ್ಯ. ಆನೆಯ ಕಾಲು ಎದೆಯ ಒಂದೇ ಜಾಗದ ಮೇಲೆ ಬಿದ್ದರೆ ಪಕ್ಕೆಲುಬು ಪುಡಿ. ಅಗಲವಾದ ಹಲಗೆ ಇದ್ದರೆ ಭಾರ ಹರಡುತ್ತದೆ. ಹಲಗೆಯ ತುದಿ ನೆಲಕ್ಕೂ ತಾಗಿದ್ದರೆ ಒಂದು ಪಾಲು ಭಾರ ಭೂಮಿಗೇ ಹೋಗುತ್ತದೆ. ತುಂಬು ಉಸಿರು ಎಳೆದು ಬಿಗಿಹಿಡಿದ ಎದೆ ಗಾಳಿ ತುಂಬಿದ ಟೈರಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ.

ಇಷ್ಟು ಹೇಳಿದರೆ ಕೆಲವರು, ಹಂಗಾದರೆ ಇದು ಬರೀ ಕಣ್ಕಟ್ಟು ಅಂತಾರೆ. ನಾನು ಒಪ್ಪೋದಿಲ್ಲ. ಲೆಕ್ಕ ಗೊತ್ತಿದ್ದವರೆಲ್ಲಾ ಹೋಗಿ ಆನೆಯ ಕೆಳಗೆ ಮಲಗಲಿ ನೋಡೋಣ. ಭಾರ ಹರಡಿದರೂ ಉಳಿಯೋದು ಟನ್ನುಗಳ ಲೆಕ್ಕದ ಭಾರವೇ. ಉಸಿರು ಒಂದು ಕ್ಷಣ ಮೊದಲು ಬಿಟ್ಟರೆ, ಆನೆ ಒಂದು ಗೇಣು ಪಕ್ಕಕ್ಕೆ ಕಾಲಿಟ್ಟರೆ, ಅಲ್ಲಿಗೆ ಮುಗೀತು. ಅದನ್ನೇ ಸಂಜೆ ಒಂದು ಸಲ, ರಾತ್ರಿ ಒಂದು ಸಲ, ಊರು ಬದಲಾದರೂ ಹಂಗೇ ಮಾಡಬೇಕು.

ಕುಸ್ತಿಯ ಗಂಟನ್ನು ರಾಮಮೂರ್ತಿ ಬಿಡಿಸಿದ್ದು ಇಲ್ಲಿ. ಮಲ್ಲ ಬೇಕು, ಬಲ ಬೇಕು, ಎದೆ ನಡುಗಬೇಕು; ಆದರೆ ಎದುರಾಳಿಯನ್ನು ನೆಚ್ಚಿಕೊಳ್ಳಬಾರದು. ಆನೆ ಝಬಿಸ್ಕೊನ ಹಾಗೆ ನೆಲಕ್ಕಂಟಿ ಮಲಗೋದಿಲ್ಲ, ವಾರ ಬಿಟ್ಟು ಬರ್ತೀನಿ ಅಂತ ತಪ್ಪಿಸಿಕೊಳ್ಳೋದಿಲ್ಲ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿತದೆ ಅಂತ ಯಜಮಾನನಿಗೆ ಗೊತ್ತು. ಮತ್ತೆ ಇಲ್ಲಿ ಯಾರೂ ಸೋಲೋದಿಲ್ಲ. ಕೊಟ್ಟ ಕಾಸಿಗೆ ಮೋಸ ಆಯ್ತು ಅಂತ ಗಲಾಟೆ ಎಬ್ಬಿಸೋಕೆ ಅವಕಾಶವಿಲ್ಲ.

ಆದರೆ ಯಜಮಾನಿಕೆ ಅಂದರೆ ಆನೆಗಿಂತ ಭಾರ. ಆನೆ ದಿನಕ್ಕೆ ಒಂದೂವರೆ ಕ್ವಿಂಟಲ್ ಮೇವು ಬೇಡುತ್ತದೆ. ಮಳೆ ಬಂದು ಆಟ ನಿಂತರೂ ಬೇಡುತ್ತದೆ. ಕುದುರೆಗೆ ಹುರುಳಿ, ಹುಡುಗರಿಗೆ ಊಟ, ರೈಲಿಗೆ ಬಾಡಿಗೆ, ಮೈದಾನಕ್ಕೆ ಬಾಡಿಗೆ, ಗ್ಯಾಸ್ ದೀಪಕ್ಕೆ ಎಣ್ಣೆ. ಪ್ಲೇಗು ಕಾಲರಾ ಬಂದು ಊರು ಖಾಲಿಯಾದರೆ ಆ ಊರಿನ ಆದಾಯ ಸೊನ್ನೆ. ಬೇರೆ ಸರ್ಕಸ್ ಯಜಮಾನರಿಗೆ ಒಬ್ಬ ಆಟಗಾರ ಬಿದ್ದರೆ ಇನ್ನೊಬ್ಬನನ್ನು ಇಳಿಸೋ ಅನುಕೂಲ ಇತ್ತು. ರಾಮಮೂರ್ತಿಯವರ ಕಂಪನಿಯಲ್ಲಿ ಜನ ನೋಡೋಕೆ ಬರ್ತಿದ್ದದ್ದೇ ರಾಮಮೂರ್ತಿಯವರನ್ನು. ಯಜಮಾನನೂ ಅವರೇ, ಎತ್ತೂ ಅವರೇ. ನಮ್ಮ ಕಡೆ ಬಂಡೆ ಎಳೆಯೋ ಪಂದ್ಯದಲ್ಲಿ ಎತ್ತಿನ ಕಾಲು ಉಳುಕಿದರೆ ರೈತ ಎತ್ತು ಹಿಡಕೊಂಡು ಮನೆಗೆ ಹೋಗ್ತಾನೆ. ಇಲ್ಲಿ ರೈತನ ಕಾಲೇ ಉಳುಕಿದಂಗೆ.

ಏಳಿಗೆಯ ಕಾಲದಲ್ಲಿ ಹೆಸರು ಬಹಳ ಬಂತು. ಪುಣೆಯಲ್ಲಿ ಲೋಕಮಾನ್ಯ ತಿಲಕರು ನೋಡಿ ಮೆಚ್ಚಿ 'ಮಲ್ಲ ಮಾರ್ತಾಂಡ' ಅಂದದ್ದು ಅವರ ಬಗ್ಗೆ ಬರೆದವರೆಲ್ಲಾ ಹೇಳುವ ಸಂಗತಿ. 'ಇಂಡಿಯನ್ ಹರ್ಕ್ಯುಲಿಸ್', 'ಇಂಡಿಯನ್ ಸ್ಯಾಂಡೋ' ಅನ್ನೋವು ಇಂಗ್ಲಿಷಿನ ಕಡೆಯಿಂದ ಬಂದ ಬಿರುದು. ಸ್ಯಾಂಡೋ ಅಂದರೆ ನಮಗೆ ಬನೀನು, ಆದರೆ ಅದು ಯುರೋಪಿನ ಒಬ್ಬ ಬಲಶಾಲಿಯ ಹೆಸರು. ಆತ 1904–05ರಲ್ಲಿ ಹಿಂದೂಸ್ಥಾನ ಸುತ್ತಿ ಪ್ರದರ್ಶನ ಕೊಟ್ಟು ಹೋಗಿದ್ದ. 1905ರಲ್ಲೇ ಬಂಗಾಳ ಒಡೆಯಿತು, ಸ್ವದೇಶಿ ಚಳವಳಿ ಎದ್ದಿತು. ಹಿಂದೂಸ್ಥಾನದವರು ನರಪೇತಲರು ಅಂತ ಬಿಳಿಯರು ಹೇಳಿಕೊಂಡು ತಿರುಗುತ್ತಿದ್ದ ಹೊತ್ತಿನಲ್ಲಿ, ಮಾಂಸ ಮುಟ್ಟದ ತೆಲುಗಿನವನೊಬ್ಬ ಅವರದೇ ಮೋಟಾರು ಕಾರನ್ನು ಕಟ್ಟಿಹಾಕಿ ನಿಲ್ಲಿಸಿದ ಅಂದರೆ ಜನಕ್ಕೆ ಏನನ್ನಿಸಿರಬೇಕು! ಎರಡಾಣೆ ಕೊಟ್ಟು ಬಂದವರು ಬರೀ ಆಟ ನೋಡಲಿಲ್ಲ.

ಇದೇ ಕಾರಣಕ್ಕೆ ಕಥೆಗಳೂ ಹುಟ್ಟಿದವು. ಸ್ಪೇನಿನಲ್ಲಿ ಗೂಳಿಯ ಕೊಂಬು ಹಿಡಿದು ಉರುಳಿಸಿದರು ಅಂತ ಒಂದು, ಅಸೂಯೆಯಿಂದ ಕೊಲ್ಲಲು ಬಂದವರನ್ನು ಹೊಡೆದು ಹಾಕಿದರು ಅಂತ ಒಂದು, ಕಾಲು ಕತ್ತರಿಸುವಾಗ ಮತ್ತಿನ ಮದ್ದೇ ಬೇಡ ಅಂದರು ಅಂತ ಒಂದು. ಇವೆಲ್ಲಾ ಚರಿತ್ರೆಗಿಂತ ಪುರಾಣಕ್ಕೆ ಹತ್ತಿರ ಅಂತ ನನ್ನ ಅಭಿಪ್ರಾಯ. ಸರ್ಕಸ್ಸಿನ ಪ್ರಚಾರ ಅನ್ನೋದು ಅವತ್ತೂ ತಮಟೆ ಹೊಡೆಯೋ ಕೆಲಸವೇ. ಆದರೆ ಕೊನೆಯ ಕಥೆಯ ನಡುವೆ ಒಂದು ಗಟ್ಟಿ ಸತ್ಯ ಇದೆ: ಕಾಲು ಕತ್ತರಿಸಿದ್ದು ನಿಜ.

ಅದಕ್ಕೆ ಬರುವ ಮುಂಚೆ ಬೇರೆಯವರು ಹೆಂಗೆ ದಡ ಸೇರಿದರು ನೋಡಿ. ಬೆಂಗಳೂರಿನಲ್ಲಿ ಕೋಲಾರ ಕಡೆಯ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಓದಿದವರಿಗೆ ಅವರ ಹೆಸರು ಗೊತ್ತು. ಅವರದು ಇನ್ನೊಂದು ಬುದ್ಧಿವಂತಿಕೆ. ತಮ್ಮ ಮೈಕಟ್ಟಿನ ಫೋಟೋ, ಪುಸ್ತಕ, ಅಂಚೆಯಲ್ಲಿ ಪಾಠ. ಊರೂರು ತಿರುಗಲಿಲ್ಲ, ಪಾಠವನ್ನೇ ಊರೂರಿಗೆ ಕಳಿಸಿದರು. ಮೈಸೂರು ಮಹಾರಾಜರ ಬೆಂಬಲವೂ ಅವರಿಗೆ ಸಿಕ್ಕಿತು.

ದಾರಾಸಿಂಗ್ ಕಾಲಕ್ಕೆ ಬರುವಷ್ಟರಲ್ಲಿ ಕುಸ್ತಿಯೇ ಬದಲಾಗಿತ್ತು. 1928ರಲ್ಲಿ ಅಮೃತಸರದ ಹತ್ತಿರ ಹುಟ್ಟಿದ ಅವರು ಸಿಂಗಪುರಕ್ಕೆ ಹೋಗಿ ವೃತ್ತಿಯ ಕುಸ್ತಿ ಕಲಿತು ಬಂದರು. ಅಲ್ಲಿ ಮಣ್ಣಿಲ್ಲ, ಹಗ್ಗ ಕಟ್ಟಿದ ಅಟ್ಟಣಿಗೆ; ರೌಂಡುಗಳ ಲೆಕ್ಕ. ಹಂಗೆರಿ ಕಡೆಯ ಎಮಿಲ್ ಚಾಯಾ 'ಕಿಂಗ್‌ಕಾಂಗ್' ಅನ್ನೋ ಹೆಸರಿನಲ್ಲಿ, ನೂರೆಂಬತ್ತು ಕಿಲೋ ಮೀರಿದ ದೇಹ ಹೊತ್ತು ಎದುರು ನಿಲ್ಲುತ್ತಿದ್ದ. ಇಬ್ಬರ ಜೋಡಿ ಒಂದೂರಲ್ಲಿ ಮುಗಿಯಲಿಲ್ಲ, ಮತ್ತೆ ಮತ್ತೆ ನಡೆಯಿತು. ಅದು ನಿಜಾನಾ ಸುಳ್ಳಾ ಅಂತ ನಮ್ಮ ಹಿರಿಯರು ಕಟ್ಟೆಯ ಮೇಲೆ ಕೂತು ಜಗಳಾಡಿದ್ದು ಇದೆ. ನನ್ನ ಪ್ರಕಾರ ಆ ಪ್ರಶ್ನೆ ಕೇಳಬೇಕಾದ್ದು ಬೇರೆ ರೀತಿ. ಟಿಕೀಟು ಇಟ್ಟ ಮೇಲೆ ಕುಸ್ತಿ ನಾಟಕದ ಕಡೆ ವಾಲಲೇಬೇಕು, ಲಂಡನ್ನಿನ ಆ ಎರಡೂವರೆ ಗಂಟೆಯಲ್ಲೇ ಅದು ತೀರ್ಮಾನವಾಗಿತ್ತು. ಬಿದ್ದ ಪೆಟ್ಟು, ಸೊಂಟದ ನೋವು ಮಾತ್ರ ನಾಟಕವಲ್ಲ. 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಸೋಲಿಸಿದರು. ಅದಕ್ಕೂ ಮೊದಲೇ, 1962ರಿಂದ ಸಿನಿಮಾದಲ್ಲಿ ನಾಯಕನ ಪಾತ್ರ ಹಿಡಿದಿದ್ದರು. ಮುಂದೆ ಸ್ವಂತ ಸ್ಟುಡಿಯೋ, ಟಿ.ವಿ. ರಾಮಾಯಣದಲ್ಲಿ ಹನುಮಂತನ ಪಾತ್ರ, ರಾಜ್ಯಸಭೆಯ ಸದಸ್ಯತ್ವ. 1983ರಲ್ಲಿ ಕುಸ್ತಿಗೆ ಕೈಮುಗಿದು, 2012ರ ಜುಲೈ 12ರಂದು ಮುಂಬಯಿಯ ತಮ್ಮ ಮನೆಯಲ್ಲೇ ತೀರಿಕೊಂಡರು. ಮೈ ಗಟ್ಟಿ ಇರುವಾಗಲೇ ಇನ್ನೊಂದು ಕಸುಬು ಹಿಡಿದ ಮಲ್ಲ ಅವರು.

ಗಾಮಾಗೆ ಆ ಇನ್ನೊಂದು ಕಸುಬು ಇರಲಿಲ್ಲ. 1947ರಲ್ಲಿ ದೇಶ ಎರಡಾಯಿತು, ಸಂಸ್ಥಾನಗಳೂ ಹೋದವು. ಲಾಹೋರಿನಲ್ಲಿ ಕಾಯಿಲೆ, ಕೈಗಡದ ನಡುವೆ ದಿನ ಕಳೆದು 1960ರ ಮೇ 23ರಂದು ತೀರಿಕೊಂಡರು. ಸಾಕಿದ ರಾಜರೇ ಇಲ್ಲವಾದ ಮೇಲೆ ರಾಜರ ಪೈಲ್ವಾನನ ಗತಿ ಅದು.

ರಾಮಮೂರ್ತಿಯವರದು ಇದರ ತಿರುವುಮುರುವು. ಅರಮನೆಯ ನೆರಳು ಬಿಟ್ಟು ಸಾಮಾನ್ಯ ಜನರ ಕಾಸಿನಲ್ಲಿ ಬಾಳಿದರು. ದುಡಿದದ್ದು ಬಹಳ, ಕೇಳಿದವರಿಗೆ ಕೊಟ್ಟದ್ದೂ ಬಹಳ. ಕೊಟ್ಟಿದ್ದನ್ನು ಹೊಗಳೋರು ಹೊಗಳಲಿ, ನನಗೆ ಮಾತ್ರ ಆ ಕೈಯಲ್ಲಿ ಒಂದು ಪಾಲು ಮುಪ್ಪಿಗೆ ಉಳೀಬೇಕಿತ್ತು ಅನ್ನಿಸುತ್ತದೆ. ಕಾಲಿಗೆ ಆದ ಹುಣ್ಣು ವಾಸಿಯಾಗಲಿಲ್ಲ. ಕಾಲು ಕತ್ತರಿಸಬೇಕಾಯಿತು. ಒಂದು ಕಾಲಿಲ್ಲದವನ ಎದೆಯ ಮೇಲೆ ಆನೆ ಹತ್ತಿಸಿ ಟಿಕೀಟು ಮಾರಲಾಗುವುದಿಲ್ಲ. ಯಜಮಾನ ಮಲಗಿದ, ಎತ್ತೂ ಮಲಗಿತು, ಡೇರೆ ಸುರುಳಿಯಾಯಿತು. ಕೊನೆಗೆ ಅವರಿಗೆ ಆಸರೆ ಕೊಟ್ಟದ್ದು ಒಂದು ಸಂಸ್ಥಾನವೇ, ಈಗಿನ ಒಡಿಶಾದಲ್ಲಿರುವ ಬಲಾಂಗೀರ್. 1942ರ ಜನವರಿ 16ರಂದು, ಸಂಕ್ರಾಂತಿಯಾಗಿ ಒಂದೆರಡು ದಿನಕ್ಕೆ, ಅವರು ಅಲ್ಲೇ ಪ್ರಾಣ ಬಿಟ್ಟರು.

ಶ್ರೀಕಾಕುಳಂನ ಆಟದ ಮೈದಾನಕ್ಕೆ ಇವತ್ತು ಕೋಡಿ ರಾಮಮೂರ್ತಿ ಸ್ಟೇಡಿಯಂ ಅಂತ ಹೆಸರು. ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಅವರ ವಿಗ್ರಹ ನಿಂತಿದೆ. ನಮ್ಮ ಹುಡುಗರು ಆ ಕಡೆ ಕೆಲಸಕ್ಕೋ ಪರೀಕ್ಷೆಗೋ ಹೋದಾಗ ನೋಡಿ ಬರಬಹುದು. ಅದರಲ್ಲಿ ಎರಡೂ ಕಾಲು ಇವೆ.